ಮಾವನ ಆಸೆ ಡಬ್ಬಿಗಳು

ನಮ್ಮ ಸೋದರಮಾವನಷ್ಟು ಶುದ್ಧವಾಗಿ ಸುಳ್ಳು ಹೇಳುವ ಮನುಷ್ಯ ಚನ್ನಪಟ್ಟಣದಲ್ಲಿ ಇನ್ನೊಬ್ಬನಿರಲಿಲ್ಲ! ಇದು ದೂರಲ್ಲ, ಹೆಮ್ಮೆ. ಬೇರೆಯವರು ಸುಳ್ಳು ಹೇಳುವಾಗ ಒಂದು ಸಲವಾದರೂ ಮೂಗು ಕೆರೆದುಕೊಳ್ಳುತ್ತಾರೆ, ಆಕಡೆ ಈಕಡೆ ನೋಡುತ್ತಾರೆ. ನಮ್ಮ ಮಾವ ನಿಮ್ಮ ಕಣ್ಣಲ್ಲಿ ಕಣ್ಣಿಟ್ಟು, ನೀವು ಕೊಟ್ಟ ಕಾಫಿಯನ್ನೇ ಕುಡಿಯುತ್ತಾ ಹೇಳುತ್ತಿದ್ದ. ಇಡೀ ಆಯುಷ್ಯದಲ್ಲಿ ಅವನು ಹೊರಗಿನವರ ಕೈಗೆ ಸಿಕ್ಕಿಬಿದ್ದದ್ದು ಒಂದೇ ಸಲ. ಹಿಡಿದವಳಿಗೆ ಎಂಟು ವರ್ಷ.

ಹಿರಿಯರನ್ನು ಏಕವಚನದಲ್ಲಿ ಬರೆಯುತ್ತಿದ್ದಾಳಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡಿ. "ಮಾವ, ಬನ್ನಿ" ಎಂದರೆ ಅವನಿಗೆ ಸಿಟ್ಟು. "ನಾನೇನ್ ತಾಸೀಲ್ದಾರ್ನಾ? ಬಾ ಅನ್ನು, ಬತ್ತೀನಿ" ಎನ್ನುತ್ತಿದ್ದ. ಅವನು ಹೋಗಿ ಈ ದೀಪಾವಳಿಗೆ ಒಂದು ವರ್ಷ. ಈಗ ಬಾ ಅಂದರೂ ಬರುವುದಿಲ್ಲ, ಬನ್ನಿ ಅಂದರೂ ಬರುವುದಿಲ್ಲ.

ಮಾವ ಹನ್ನೆರಡನೇ ವಯಸ್ಸಿನಿಂದ ಬೊಂಬೆ ಕಡೆಯುವ ಕಸುಬಿನವನು. ಲೇತಿನಲ್ಲಿ ಗಿರ್ರೆಂದು ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ, ಅರಗು ಕರಗಿ ಸುತ್ತಲೂ ಒಂದು ಗೆರೆ ಕೂರುತ್ತದೆ. ಮಾವನ ಗೆರೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಹುಡುಕಿದವರು ಹುಡುಕುತ್ತಲೇ ಇರಬೇಕು! ವಯಸ್ಸಾಯಿತೆಂದು ಕೆಲಸ ಬಿಟ್ಟ ಮೇಲೆ ಹಿತ್ತಲ ಶೆಡ್ಡಿನಲ್ಲಿ ಒಂದು ಹಳೇ ಲೇತ್ ಹಾಕಿಕೊಂಡ. ಅವನಿಗೂ ನಮ್ಮತ್ತೆಗೂ ಮಕ್ಕಳಿರಲಿಲ್ಲ. ಭಾನುವಾರ ಬಂದರೆ ಬೀದಿಯ ಮಕ್ಕಳೆಲ್ಲ ಆ ಶೆಡ್ಡಿನಲ್ಲಿ.

ಅಲ್ಲಿ ನಡೆಯುತ್ತಿದ್ದದ್ದು ಇಷ್ಟು. ಮೊದಲು ಮಾವ ಚಿತ್ರದ ಪುಸ್ತಕ ಹಿಡಿದು ಕತೆ ಓದುವುದು. ಆಮೇಲೆ ಮಕ್ಕಳು ಹರಿದುಹೋದ ಹಳೇ ಪುಸ್ತಕಗಳಿಂದ ತಮಗೆ ಬೇಕಾದ ಚಿತ್ರ ಕತ್ತರಿಸಿಕೊಂಡು, ಅದರ ಬೆನ್ನಿಗೆ ತಮ್ಮದೊಂದು ಆಸೆ ಬರೆದು, ಸುರುಳಿ ಸುತ್ತಿ, ಕುಂಕುಮದ ಡಬ್ಬಿಯಷ್ಟಗಲದ ಮರದ ಡಬ್ಬಿಯೊಳಗೆ ಹಾಕುವುದು. ಕೊನೆಗೆ ಮಾವ ಮುಚ್ಚಳ ಹಾಕಿ, ಲೇತಿಗೆ ಕೊಟ್ಟು, ಮುಚ್ಚಳ ಕೂಡುವ ಕಡೆ ಅರಗಿನ ಗೆರೆ ಎಳೆದು ಮೊಹರು ಮಾಡುವುದು. "ಗೆರೆ ಎಲ್ಲೂ ತುಂಡಾಗಂಗಿಲ್ಲ. ತುಂಡಾದ್ರೆ ಆಸೆ ಸೋರೋಯ್ತದೆ" ಎಂಬುದು ಅವನ ಕಾನೂನು. ಡಬ್ಬಿಗಳೆಲ್ಲ ಹಲಗೆಯ ಮೇಲೆ ಕೂರುತ್ತಿದ್ದವು. ಆಸೆ ಕೈಗೂಡಿದ ಮಗು ಎಲ್ಲರೆದುರು ತನ್ನ ಡಬ್ಬಿಯನ್ನು ತಿರುವಿ 'ಟಕ್' ಅನ್ನಿಸಿ ತೆಗೆಯಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು.

ಪುಸ್ತಕಗಳೆಲ್ಲ ಬೆಂಗಳೂರಿನ ರದ್ದಿ ಅಂಗಡಿಯವು, ಎಲ್ಲವೂ ಇಂಗ್ಲಿಷ್. ನಮ್ಮ ಮಾವನಿಗೆ ಬರುತ್ತಿದ್ದ ಇಂಗ್ಲಿಷ್ ಎರಡೇ ಪದ: ಎಕ್ಸ್‌ಪೋರ್ಟ್ ಮತ್ತು ರಿಜೆಕ್ಟ್. ಅಷ್ಟರಲ್ಲೇ ಅವನು ಇನ್ನೂರು ಪುಸ್ತಕ ಓದಿ ಹೇಳಿದ! ಒಂದು ಪುಸ್ತಕದ ತುಂಬ ಹಿಮದ ನಾಡಿನ ಬಿಳಿ ಕರಡಿ.

"ತಾತ, ಕರಡಿ ಕರ್ರಗಿರ್ತದಲ್ವಾ?" ಎಂದು ಒಬ್ಬ ಹುಡುಗ ಕೇಳಿದ.

"ಇದೂ ನಮ್ ರಾಮನಗರದ ಬೆಟ್ಟದ ಕರಡೀನೇ ಕಣ್ಲಾ. ಮನೆಗೆ ಸುಣ್ಣ ಹೊಡಿಯೋವಾಗ ಬಕೀಟ್ ಒಳಿಕೆ ಬಿದ್ಬುಡ್ತು."

"ಸುತ್ತಾನೂ ಬೆಳ್ಳಗೇ ಐತಲ್ಲ?"

"ಬಕೀಟು ದೊಡ್ಡದು!"

ಆಸೆಗಳು ಹೇಗೆ ಕೈಗೂಡುತ್ತಿದ್ದವು ಎಂದು ನೀವು ಕೇಳಬೇಕು. ಮುಚ್ಚಳ ಹಾಕುವ ಮುಂಚೆ ಮಾವ ಎಲ್ಲವನ್ನೂ ಕದ್ದು ಓದುತ್ತಿದ್ದ! "ನಂಗೆ ಕನ್ನಡಕ ಇಲ್ದೆ ಏನೂ ಕಾಣಾಕಿಲ್ಲ" ಎಂದು ಮಕ್ಕಳ ಮುಂದೆ ಹೇಳುತ್ತಾ ಹೇಳುತ್ತಾ ಓದುತ್ತಿದ್ದ. ಆಮೇಲೆ ವಾರವಿಡೀ ಅದೇ ಕೆಲಸ. ಒಬ್ಬಳಿಗೆ ತನ್ನ ಅಜ್ಜಿ ಸಾವನದುರ್ಗ ಹತ್ತಬೇಕು. ಮಾವ ಆಟೋ ಮಾಡಿಸಿ, ಮಂಡಿನೋವಿನ ಆ ಮುದುಕಿಯನ್ನು ಬೆಟ್ಟದ ಬುಡಕ್ಕೆ ಕರೆದುಕೊಂಡು ಹೋದ. ಅವರು ಕತ್ತೆತ್ತಿ ನೋಡಿ, "ಅಯ್ಯೋ ಸಿವನೇ, ಇದ್ನ ಹತ್ತೋ ಬದ್ಲು ಇಲ್ಲೇ ಸತ್ತೋಯ್ತೀನಿ ಬುಡಪ್ಪ" ಎಂದರಂತೆ. ಮಾವ ಅವರ ಕೈ ಹಿಡಿದು ಬಂಡೆಯ ಮೇಲೆ ಒಂದೇ ಒಂದು ಹೆಜ್ಜೆ ಇಡಿಸಿ, ಫೋಟೋ ತೆಗೆಸಿ, "ಹತ್ತಿದ್ದಾಯ್ತು, ಇಳೀರಿ ಈಗ" ಎಂದನಂತೆ. ಭಾನುವಾರ ಡಬ್ಬಿ ಟಕ್!

ಇನ್ನೊಂದು ವಾರ ಒಂದು ಮಗುವಿಗೆ ನಾಯಿಮರಿ ಬೇಕು, ಇನ್ನೊಂದಕ್ಕೆ ಪಕ್ಕದ ಮನೆಯ ನಾಯಿಮರಿ ತನ್ನ ಚಪ್ಪಲಿ ಕಚ್ಚಬಾರದು. ಮಾವ ಎರಡನ್ನೂ ಒಂದೇ ಏಟಿಗೆ ಮುಗಿಸಿದ. ಆ ಪಕ್ಕದ ಮನೆಯ ಮರಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ ಈ ಮಗುವಿಗೆ ಕೊಟ್ಟ! ಮುಂದಿನ ಭಾನುವಾರ ಮೂರನೆಯ ಮಗುವಿನ ಡಬ್ಬಿಯಲ್ಲಿ ಏನಿತ್ತು ಗೊತ್ತೇ? 'ನಮ್ಮ ನಾಯಿಮರಿ ವಾಪಸ್ ಬರಲಿ.' ಅದನ್ನೂ ಮಾವನೇ ಕೈಗೂಡಿಸಿದ. ಅತ್ತೆ ತಲೆ ಚಚ್ಚಿಕೊಂಡು, "ಈ ವಯಸ್ನಲ್ಲಿ ನಾಯಿ ಕದಿಯಾಕೆ ಹೋಗಿದ್ರಲ್ಲ, ನಿಮ್ಗೆ ನಾಚ್ಕೆ ಆಗಾಕಿಲ್ವಾ?" ಎಂದರು. "ಕದ್ದೋನೂ ನಾನೇ, ತಂದ್ಕೊಟ್ಟೋನೂ ನಾನೇ. ಇನ್ಯಾಕೆ ನಾಚ್ಕೆ?" ಎಂದ ಮಾವ.

ಹೀಗೆ ಹಲಗೆಯ ಮೇಲೆ ಯಾವ ಡಬ್ಬಿಯೂ ಎರಡು ತಿಂಗಳಿಗಿಂತ ಹೆಚ್ಚು ಕೂರುತ್ತಿರಲಿಲ್ಲ. ಅಷ್ಟರಲ್ಲಿ ಮಾವನ ಬಲಗೈ ನಡುಗಲು ಶುರುವಾಯಿತು.

ಮೊದಮೊದಲು ಚಳಿ ಎಂದ. ಬೇಸಿಗೆ ಬಂದಾಗ ಕರೆಂಟು ಹೆಚ್ಚುಕಡಿಮೆ ಆಗುತ್ತಿದೆ ಎಂದ. ನಾನು ಪಕ್ಕದ ಬೀದಿಯಲ್ಲೇ ಬಟ್ಟೆ ಹೊಲಿಯುವವಳು, ಕೈಯ ವಿಷಯದಲ್ಲಿ ನನಗೆ ಸುಳ್ಳು ಹೇಳಿದರೆ ನಡೆಯುತ್ತದೆಯೇ? ಎಳೆದುಕೊಂಡು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋದೆ. ಇದು ವಾಸಿಯಾಗುವ ನಡುಕವಲ್ಲ, ಜಾಸ್ತಿಯಾಗುತ್ತಾ ಹೋಗುತ್ತದೆ, ಮಾತ್ರೆಯಿಂದ ಸ್ವಲ್ಪ ತಡೆಯಬಹುದು ಅಷ್ಟೆ ಎಂದರು ಡಾಕ್ಟರು. ಮನೆಗೆ ಬಂದು ಮಾವ ಅತ್ತೆಗೆ ಹೇಳಿದ: "ಏನೂ ಇಲ್ವಂತೆ. ಅರವತ್ತೊರ್ಸ ಮಿಷಿನ್ ಜೊತೆ ಇದ್ದ ಕೈಯಲ್ವಾ, ಅಭ್ಯಾಸ ಬುಟ್ಟಿಲ್ಲ. ಮಿಷಿನ್ ನಿಂತ್ರೂ ಅದು ಓಡ್ತಾ ಐತೆ."

ಅತ್ತೆ ನಕ್ಕರು. ನನಗೆ ನಗು ಬರಲಿಲ್ಲ. ಆ ಕೈ ಹೋದರೆ ಗೆರೆ ಹೋಯಿತು, ಗೆರೆ ಹೋದರೆ ಭಾನುವಾರ ಹೋಯಿತು. ಭಾನುವಾರವಿಲ್ಲದ ಮಾವ ಉಳಿದ ಆರು ದಿನ ಯಾತಕ್ಕೆ ಬದುಕಬೇಕು?

ಆ ಮಕ್ಕಳಲ್ಲಿ ಸಬಾ ಎಂಬ ಎಂಟು ವರ್ಷದ ಹುಡುಗಿ. ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ. ಕುದಿಯುವ ನೀರಿನಲ್ಲಿ ಬೇಯುವ ಗೂಡಿನಿಂದ ಎಳೆ ಹಿಡಿಯುವ ತನ್ನ ಅಜ್ಜಿಯ ಬೆರಳನ್ನೇ ನೋಡುತ್ತಾ ಬೆಳೆದವಳು. ಮಾತು ಕಡಿಮೆ, ನೋಡುವುದು ಜಾಸ್ತಿ. ಒಂದು ಭಾನುವಾರ ಮಕ್ಕಳೆಲ್ಲ ಮಜ್ಜಿಗೆ ಕುಡಿಯಲು ಒಳಗೆ ಹೋದಾಗ ಮಾವ ನನ್ನನ್ನು ಕರೆದು ಅವಳ ಸುರುಳಿಯನ್ನು ಕೈಗಿಟ್ಟ. ಅವಳು ಕತ್ತರಿಸಿಕೊಂಡಿದ್ದದ್ದು ಹುಲ್ಲಿನ ಮೇಲೆ ಮಲಗಿದ್ದ ಒಂದು ಮೊಲದ ಚಿತ್ರ. ಬೆನ್ನಿಗೆ ದುಂಡಕ್ಷರದಲ್ಲಿ ಬರೆದಿದ್ದಳು: 'ತಾತನ ಕೈ ಹಿಂಗೆ ಸುಮ್ನೆ ಮಲಗಲಿ.'

"ಮಗಾ, ಇದೊಂದ ಹೆಂಗೆ ಮಾಡಾದು?" ಎಂದ ಮಾವ. ಬೆಟ್ಟ ಹತ್ತಿಸಿದವನು, ನಾಯಿ ಕದ್ದವನು, ಅವತ್ತು ಆ ಚೀಟಿಯನ್ನೇ ಹಿಂದೆ ಮುಂದೆ ತಿರುವಿ ತಿರುವಿ ನೋಡಿದ. ಕೈಯ ಜೊತೆಗೆ ಮೊಲವೂ ನಡುಗುತ್ತಿತ್ತು. ಕೊನೆಗೆ ಎರಡೂ ಕೈಯಲ್ಲಿ ಕಡ್ಡಿ ಹಿಡಿದು ಅವಳ ಡಬ್ಬಿಗೆ ಗೆರೆ ಎಳೆದ. ಅದು ಮೇಲಕ್ಕೆ ಹೋಗಿ, ಕೆಳಕ್ಕೆ ಬಂದು, ಒಂದು ಕಡೆ ತುಂಡೇ ಆಯಿತು. ಸಬಾ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಹಲಗೆಯ ಮೇಲಿಟ್ಟಳು. ಅದೇ ಮಾವ ಹಾಕಿದ ಕೊನೆಯ ಗೆರೆ.

ಮುಂದಿನ ಭಾನುವಾರ ನಮ್ಮ ಮಾವ ಘೋಷಣೆ ಮಾಡಿದ. "ನನ್ ಕೈ ನಡುಗಾದು ನಿಂತೋಯ್ತು ಕಣ್ರಪ್ಪ! ಆದ್ರೆ ನಂಗೂ ವಯಸ್ಸಾಯ್ತಲ್ಲ, ಇನ್ಮೇಕೆ ಮಿಷಿನ್ ಕೆಲ್ಸ ಈ ನಿಮ್ಮಕ್ಕ ಕಲೀಲಿ." ಅಕ್ಕ ಎಂದರೆ ನಾನು! ನಾನು ಎಳೆದ ಗೆರೆ ನೋಡಿ ಮಕ್ಕಳು, "ಅಕ್ಕಾ, ತುಂಡಾಗೈತೆ, ಸೋರ್ತದೆ!" ಎಂದು ಕೂಗಿದರೆ ಮಾವ, "ಸೋರಾಕಿಲ್ಲ. ಆಸೆ ಉಸ್ರಾಡ್ಲಿ ಅಂತ ಬುಟ್ಟಿರೋ ಕಿಂಡಿ ಅದು" ಎಂದ. ಕಾನೂನು ಮಾಡಿದವನೇ ಕಾನೂನು ಮುರಿದ.

ಹಾಗಾದರೆ ನಡುಗುವ ಕೈ ಎಲ್ಲಿತ್ತು? ಮಾವ ಅದರ ಮೇಲೆ ಕೂತಿದ್ದ! ಮಣೆಯ ಮೇಲೆ ಬಲಗೈ ಇಟ್ಟು, ಅದರ ಮೇಲೆ ತೊಡೆ ಊರಿ, ಎಡಗೈಯಲ್ಲಿ ಪುಟ ತಿರುವುತ್ತಿದ್ದ. ಅಷ್ಟಾದರೂ ಆ ಹಾಳು ಕೈ ಸುಮ್ಮನಿರಬೇಕಲ್ಲ? ಮಾವನನ್ನೇ ಅಲ್ಲಾಡಿಸುತ್ತಿತ್ತು. ಅದಕ್ಕವನು ರೈಲಿನ ಪುಸ್ತಕ, ಕುದುರೆಯ ಪುಸ್ತಕ, ದೋಣಿಯ ಪುಸ್ತಕ, ಇಂಥವನ್ನೇ ಆರಿಸತೊಡಗಿದ. ಬೈರಮಂಗಲದ ಕೆರೆಯಲ್ಲಿ ದೋಣಿ ಹೋಗುವಾಗ ಕತೆ ಹೇಳುವವನೂ ಅಲ್ಲಾಡಬೇಕಲ್ಲವೇ! ಮಕ್ಕಳೂ ಜೊತೆಗೆ ತೂಗಾಡುತ್ತಿದ್ದರು. ಅವರೆಲ್ಲ ಹೋದ ಮೇಲೆ ಆ ಕೈ ಕೆಂಪಗೆ ಬಾತು, ಮಣೆಯ ಅಚ್ಚು ಬಿದ್ದಿರುತ್ತಿತ್ತು. ನಾನು ಎಣ್ಣೆ ಹಚ್ಚಿ ತಿಕ್ಕುತ್ತಿದ್ದೆ. "ಯಾಕೆ ಮಾವ ಈ ಪಾಡು, ಹೇಳಿಬಿಡು" ಎಂದರೆ, "ಆ ಮಗಾ ಕೇಳಿರಾದು ಅದೊಂದೇ ಅಲ್ವೇನವ್ವ" ಎನ್ನುತ್ತಿದ್ದ.

ನಾಲ್ಕನೇ ವಾರ ಸಬಾ ಎದ್ದು ಬಂದು ತನ್ನ ಡಬ್ಬಿಯನ್ನು ಟಕ್ ಅನ್ನಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾವ ಬಾಯಿತುಂಬ ನಕ್ಕ. ನಾನು ಲೇತಿನ ಕಡೆ ಮುಖ ಮಾಡಿಕೊಂಡೆ.

ಅದಾಗಿ ಒಂದೆರಡು ವಾರ ಕಳೆದಿರಬೇಕು. ಸಬಾ ಒಂದು ಪುಸ್ತಕ ಎತ್ತಿಕೊಂಡು ಬಂದು, "ತಾತ, ಇವತ್ತು ಇದು" ಎಂದಳು. ಅದೇ ಹರಿದ ಮೊಲದ ಪುಸ್ತಕ. ಅದರಲ್ಲಿ ರೈಲಿಲ್ಲ, ಕುದುರೆಯಿಲ್ಲ. ಪುಟದ ತುಂಬ ಹುಲ್ಲು, ಮರ, ಅಲುಗಾಡದ ನೀರು, ಮಧ್ಯದಲ್ಲಿ ಅವಳು ಕತ್ತರಿಸಿಕೊಂಡ ಮೊಲದ ಜಾಗದಲ್ಲೊಂದು ತೂತು. ಎಲ್ಲಿ ಅಲ್ಲಾಡುವುದು? ಮಾವ ಹಲ್ಲು ಕಚ್ಚಿ, ಬಿಗಿಯಾಗಿ ಕೂತು ಕತೆ ಶುರುಮಾಡಿದ. ಹಣೆಯ ಮೇಲೆ ಬೆವರು ಬಂತು. ಎರಡನೇ ಪುಟಕ್ಕೆ ಮಾತು ನಿಂತಿತು. ಸಬಾ ಎದ್ದು ನಿಂತು ಉಳಿದ ಮಕ್ಕಳಿಗೆ ಹೇಳಿದಳು:

"ಎಲ್ಲಾರೂ ಕಣ್ಣು ಮುಚ್ಕೊಳ್ರಿ. ಇದು ಕಣ್ಮುಚ್ಕೊಂಡು ಕೇಳೋ ಕತೆ. ಯಾರೂ ಬಿಡಂಗಿಲ್ಲ."

ಮಕ್ಕಳೆಲ್ಲ ಕಣ್ಣು ಮುಚ್ಚಿದರು. ಅವಳು ಮಾವನ ಹತ್ತಿರ ಬಂದು ಕೂತು, ತಾನೂ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಮೆಲ್ಲಗೆ ಹೇಳಿದಳು:

"ತಾತ, ಈಗ ಕೈ ಆಚೆ ತಗಿ. ನೋಯ್ತದಲ್ವಾ?"

ನಮ್ಮ ಮಾವ ಕೈಯನ್ನು ಹೊರಗೆ ತೆಗೆದ. ಪುಸ್ತಕದ ಮೇಲೆ, ಆ ಮೊಲದ ತೂತಿನ ಮೇಲೆ ಇಟ್ಟ. ಅದು ಪುಟಪುಟನೆ ನಡುಗಿತು.

"ಮೊಲ ಎಚ್ರ ಆಗ್ಬುಟ್ಟೈತೆ ಕಣವ್ವ," ಎಂದ. "ಇನ್ನು ಮಲಗಾಕಿಲ್ಲ ಅದು."

"ಗೊತ್ತು ತಾತ," ಎಂದಳು ಸಬಾ, ಕಣ್ಣು ಬಿಡದೆ. ಕೈ ಚಾಚಿ, ತಡಕಾಡಿ, ಅವನ ಕೈಯ ಮೇಲೆ ತನ್ನ ಕೈಯಿಟ್ಟಳು. "ಮುಂದಿಂದು ಹೇಳು."

ಮಾವ ಮುಂದಿನದು ಹೇಳಿದ. ನಾನು ಲೇತಿನ ಪಕ್ಕದಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ನೋಡುವವರು ಯಾರೂ ಇರಲಿಲ್ಲ. ಮಕ್ಕಳೆಲ್ಲ ಕಣ್ಣು ಮುಚ್ಚಿಕೊಂಡಿದ್ದರು.