ಗಾಜಿನ ಮೇಲಿನ ಗುಡ್ಡ

ಉಗರಗೋಳದಲ್ಲಿ, ಯಲ್ಲಮ್ಮನ ಗುಡ್ಡದ ಬುಡದಲ್ಲೇ ಮನೆ ಮಾಡಿಕೊಂಡು ಭಂಡಾರದ ಅರಿಶಿನಕ್ಕೆ ಹೆದರುವ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಅಂಥವರ ಜೊತೆ ಸಂಸಾರ ಮಾಡಿದ್ದೇನೆ! ಎಲ್ಲವೂ ಎಂದಿನಂತೆ ಇದ್ದ ಆ ಕೊನೆಯ ದಿನವೂ ನಮ್ಮ ಮನೆಯವರು ನನ್ನನ್ನು ಹಿಂದಿನ ಕೋಣೆಯ ಬಾಗಿಲಲ್ಲೇ ತಡೆದರು.

"ಕೈ ತೊಳಕೊಂಡಿಯೇನ?"

"ತೊಳಕೊಂಡೇನ್ರಿ."

"ಮೊಣಕೈ?"

ಭಕ್ತರಿಗೆ ಕಾಯಿ, ಭಂಡಾರ ಮಾರುವ ಅಂಗಡಿ ನನ್ನದು, ಮೈಯೆಲ್ಲ ಅರಿಶಿನ. ಅವರು ಬೈಲಹೊಂಗಲದಲ್ಲಿ ಲೇತ್ ನಡೆಸಿ, ಕೆಲಸ ಬಿಟ್ಟ ಮೇಲೆ ದುರ್ಬೀನಿನ ಕನ್ನಡಿ ಮಾಡಲು ಕೂತವರು. ಕೂತವರು ಎಂದೆನೇ? ಕೂತದ್ದೇ ಇಲ್ಲ! ರೊಟ್ಟಿಯಷ್ಟು ಅಗಲದ ದಪ್ಪ ಗಾಜಿನ ಬಿಲ್ಲೆಯೊಂದನ್ನು ಡ್ರಮ್ಮಿನ ಮೇಲೆ ಬಿಗಿದು, ಅದರ ಮೇಲೆ ಸಾಣೆಪುಡಿ, ನೀರು ಹಾಕಿ, ಅಂಥದೇ ಇನ್ನೊಂದು ಬಿಲ್ಲೆಯಿಂದ ತಿಕ್ಕುತ್ತ ಡ್ರಮ್ಮಿನ ಸುತ್ತ ತಿರುಗುವುದು. ತಿರುಗಿ ತಿರುಗಿ ತಿಕ್ಕಿದರೆ ಕೆಳಗಿನ ಗಾಜು ಉಬ್ಬಿ, ಮೇಲಿನದು ತಾನಾಗಿಯೇ ತಗ್ಗಾಗುತ್ತದೆ. ಆ ತಗ್ಗೇ ಕನ್ನಡಿ. ಅಚ್ಚಿಲ್ಲ, ಯಂತ್ರವಿಲ್ಲ!

ಒಮ್ಮೆ ಕಿಟಕಿಯಲ್ಲಿ ಇದನ್ನು ಕಂಡ ಮುದುಕಿಯೊಬ್ಬಳು ಚಪ್ಪಲಿ ಬಿಟ್ಟು ಕೈಮುಗಿದಳು.

"ಇದ್ಯಾವ ದೇವ್ರೋ ಯಪ್ಪಾ?"

"ಇನ್ನೂ ಆಗಿಲ್ಲಬೇ, ತಿಕ್ಕಾಕ ಹತ್ತೇನಿ."

ಮುದುಕಿ ಕಿಟಕಿಯಲ್ಲಿ ಕಾಯಿ ಇಟ್ಟೇ ಹೋದಳು. ನನ್ನ ಅಂಗಡಿಯದೇ ಕಾಯಿ!

ಒರಟು ಪುಡಿ ಮುಗಿದು ನುಣುಪು ಪುಡಿಗೆ ಬಂದಾಗಲೆಲ್ಲ ಮನೆಯಲ್ಲಿ ಹಬ್ಬದ ತೊಳೆತ. ಹಳೆಯ ಪುಡಿಯ ಒಂದು ಕಾಳು ಉಳಿದರೂ ಗಾಜಿಗೆ ಗೀರು. ಡ್ರಮ್ಮು, ನೆಲ, ಲುಂಗಿ ಎಲ್ಲ ತೊಳೆದು ಕೊನೆಗೆ ಹುಬ್ಬಿಗೂ ಸಾಬೂನು ಹಚ್ಚಿದರು. "ಹುಬ್ಬಿನ್ಯಾಗ ಒಂದು ಕಾಳು ಕುಂತಿದ್ರ?"

ಆಮೇಲೆ ರಾಳದ ಹಾಸಿನ ಮೇಲೆ ಮೆರುಗು. ಮೆರುಗಿನ ನಡುವೆ ಪರೀಕ್ಷೆ. ಕತ್ತಲ ಕೋಣೆಯಲ್ಲಿ ಸೂಜಿತೂತಿನಷ್ಟು ದೀಪ. ಗಾಜಿನಿಂದ ಮರಳಿ ಬರುವ ಬೆಳಕಿಗೆ ಒಂದು ದಾಡಿ ಬ್ಲೇಡು ಅಡ್ಡ ಸರಿಸಿದರೆ, ಗಾಜಿನ ಏರುತಗ್ಗೆಲ್ಲ ಚಂದ್ರನ ಮೈಯಂತೆ ನೆರಳಾಗಿ ಕಾಣುತ್ತದೆ. ಒಮ್ಮೆ ನನ್ನ ಕೈಗೇ ಬ್ಲೇಡು ಕೊಟ್ಟು ಸರಿಸಲು ಕಲಿಸಿದರು. ನಡುವೆ ಒಂದು ಗುಡ್ಡವಿತ್ತು. ಎಷ್ಟು ತಿಕ್ಕಿದರೂ ಇಳಿಯದು.

"ಇನ್ನೊಂದು ತೋರಸ್ತೇನಿ," ಎಂದು ಗಾಜಿನ ಅಂಚಿನ ಬಳಿ ಹೆಬ್ಬೆರಳು ಊರಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದರು. ನೋಡಿದರೆ ಅಲ್ಲಿ ಹೊಸ ಗುಡ್ಡ!

"ಬರೇ ಬೆರಳಿನ ಕಾವಿಗೆ ಉಬ್ಬೈತಿ. ಕೂದಲೆಳಿ ಸಾವಿರ ಸೀಳಿದ್ರ ಅಷ್ಟ ಎತ್ತರ."

ನೋಡುತ್ತಿದ್ದಂತೆ ಅದು ಮೆಲ್ಲಗೆ ಇಳಿದುಹೋಯಿತು. ಇಷ್ಟು ಕಾಲ ಜೊತೆಗಿದ್ದೂ ಆ ಬೆರಳಿನ ಕಾವಿಗೆ ಗಾಜು ಏಳುತ್ತದೆಂದು ನನಗೆಲ್ಲಿ ಗೊತ್ತಿತ್ತು?

ಆ ಕೊನೆಯ ದಿನ ಅವರು ನಡುವಿನ ಗುಡ್ಡವನ್ನೇ ಹಿಡಿದು ಸಂಜೆಯವರೆಗೆ ತಿಕ್ಕಿದರು.

"ಇಳೀತೇನ್ರಿ? ನೋಡ್ರಿ ಈಗ."

"ಆರಬೇಕು. ಬಿಸಿ ಗಾಜು ಸುಳ್ಳ ಹೇಳತೈತಿ. ನಾಳಿ ಮುಂಜಾನಿ ನೋಡೂಣು."

ಮುಂಜಾನೆ ಅವರು ಏಳಲಿಲ್ಲ.

ಬಂದವರೆಲ್ಲ ಹೋದ ಮೇಲೆ ಒಂದು ಮಧ್ಯಾಹ್ನ ಅಂಗಡಿಯಿಂದ ನೇರ ಹಿಂದಿನ ಕೋಣೆಗೆ ಬಂದು ಕಿಟಕಿ ಮುಚ್ಚಿ ದೀಪ ಹಚ್ಚಿದೆ. ಅವರು ಕಲಿಸಿದಂತೆ ಬ್ಲೇಡು ಸರಿಸಿದೆ. ಗಾಜಿನ ಮೈ ಒಂದೇ ಸಮ, ಎಲ್ಲೂ ಮುಕ್ಕಿಲ್ಲ. ನಡುವಿನ ಗುಡ್ಡ ಇಳಿದಿತ್ತು. ಅವರಿಗೆ ಅದು ಗೊತ್ತಾಗಲಿಲ್ಲ.

ಎದ್ದು ಹೋಗಿ ಅವರು ಊರಿದ್ದ ಕಡೆಯೇ ನನ್ನ ಹೆಬ್ಬೆರಳು ಊರಿ ಬಂದೆ. ಗುಡ್ಡ ಎದ್ದಿತು, ಮೆಲ್ಲಗೆ ಇಳಿಯಿತು. ಗಾಜಿನ ಮೇಲೆ ಭಂಡಾರದ ಹಳದಿ ಗುರುತು ಉಳಿಯಿತು.

ಕೈ ತೊಳಕೊಂಡಿಯೇನ ಎಂದು ಯಾರೂ ಕೇಳಲಿಲ್ಲ.