ನೆರಳಿಲ್ಲದ ಚೌಕ

ಫ್ರಾನ್ಸಿನಿಂದ ಬಂದ ಉದ್ದ ಟೋಪಿಯ ಪ್ರವಾಸಿ ಹಾಕಿದ್ದು ಒಂದೇ ಕರಾರು: ಚಿತ್ರದಲ್ಲಿ ರೇಗಿಸ್ತಾನ್ ಚೌಕವೂ ಮದರಸೆಯ ಹೆಬ್ಬಾಗಿಲೂ ಇರಬೇಕು, ಮನುಷ್ಯನ ನೆರಳೂ ಸುಳಿಯಕೂಡದು. ಮೆಚ್ಚಿಗೆಯಾದರೆ ಸಮರ್ಕಂದದ ಸಕಲ ದೃಶ್ಯಗಳನ್ನೂ ಫೋಟೋಗಾರ ಮುಕಿಂಜಾನನಿಂದಲೇ ಕೊಳ್ಳುವನು. ಇಲ್ಲವಾದರೆ ಪ್ರವಾಸಿ ಸಂಜೆಯ ರೈಲಿಗೆ, ಮುಕಿಂಜಾನ್ ಬಟ್ಟೆಗೆ ನೀಲಿ ಕಟ್ಟುವ ಮಾವನ ಬಣ್ಣದ ಹಂಡೆಯ ಚಾಕರಿಗೆ. ಮಾವನಂತೂ ಅಳಿಯನಿಗೆಂದು ಹಂಡೆಯನ್ನು ಆಗಲೇ ತೊಳೆಸಿಟ್ಟಿದ್ದ.

ಮುಕಿಂಜಾನನದು ಉಡದ ಹಿಡಿತ. ಕ್ಯಾಮೆರಾ ಪೆಟ್ಟಿಗೆ, ಕತ್ತಲೆಯ ಡೇರೆ, ಚಿತ್ರ ಮೂಡಿಸಲು ಉಳಿದಿದ್ದ ಎರಡೇ ಗಾಜುಗಳೊಡನೆ ಚೌಕಕ್ಕೆ ಬಂದ. ಮಧ್ಯಾಹ್ನದ ಬಿಸಿಲು ಹೆಬ್ಬಾಗಿಲಿಗೆ ಬಿದ್ದೊಡನೆ ಡೇರೆಯಲ್ಲಿ ಗಾಜಿಗೆ ಮದ್ದು ಬಳಿದು, ಪೆಟ್ಟಿಗೆಗೆ ಸೇರಿಸಿ, ಕೂಗಿ ಹೇಳಿದ:

“ಎಲ್ಲರೂ ಓಡಾಡ್ತಾನೇ ಇರಿ! ಈ ಪೆಟ್ಟಿಗೆಯ ಕಣ್ಣು ಮಂದ. ನಿಂತೋರು ಉಳೀತಾರೆ, ನಡೆಯೋರು ಅಳಿಸಿ ಹೋಗ್ತಾರೆ.”

ಊರವರೆಲ್ಲ ಅಮಾಕಿ, ಅಂದರೆ ಚಿಕ್ಕಪ್ಪ, ಎಂದು ಕರೆಯುವ ಕರಬೂಜದ ವ್ಯಾಪಾರಿ ಹಾಯಿತನ ಕೈಯಿಂದ ಹಣ್ಣು ಜಾರಿತು. “ಅಳಿಸಿ ಹೋಗ್ತೀವಾ? ಮಗಳ ಮದುವೆ ಬಾಕಿ ಇದೆಯಲ್ಲೋ!”

“ಗಾಜಲ್ಲಿ ಅಷ್ಟೇ, ಅಮಾಕಿ.”

“ಇವತ್ತು ಗಾಜಲ್ಲಿ, ನಾಳೆ ಊರಲ್ಲಿ! ನಿಲ್ರಪ್ಪೋ, ಯಾರೂ ಮಿಸುಕಬೇಡಿ!”

ಚೌಕವೆಲ್ಲ ಮಿನಾರುಗಳ ತೋಪಾಯಿತು. ಚಹದಂಗಡಿಯ ತೋಶ್‌ಬಾಯ್ ಬಗ್ಗಿಸಿದ ಕೆಟಲನ್ನು ಬಗ್ಗಿಸಿದಂತೆಯೇ ಹಿಡಿದು ನಿಂತ. ಚಹಾ ಬಟ್ಟಲು ತುಂಬಿ ತೊಡೆಗಿಳಿದರೂ ಗಿರಾಕಿ ಕದಲಲಿಲ್ಲ. ಮದ್ದು ಒಣಗುವ ಮುನ್ನ ಗಾಜಿಗೆ ಬೆಳಕು ಉಣಿಸದೆ ಗತಿಯಿಲ್ಲ; ಮುಕಿಂಜಾನ್ ಪೆಟ್ಟಿಗೆಯ ಕಣ್ಣಿನ ಮುಚ್ಚಳ ತೆರೆದು ಮುಚ್ಚಿದ. ಕತ್ತಲೆಯ ಡೇರೆಯಲ್ಲಿ ತೊಳೆದು ನೋಡಿದರೆ, ಮೂಡಿದ್ದು ಚೌಕವಲ್ಲ, ಊರಿನ ಜನಗಣತಿ!

ಮುಕಿಂಜಾನ್ ಎದೆಗುಂದಲಿಲ್ಲ. ಇಳಿಹೊತ್ತಿನ ಅಸರ್ ನಮಾಜಿನ ಕರೆ ಎದ್ದರೆ ಚೌಕ ತಾನಾಗಿ ಬರಿದಾಗುವುದೆಂದು ಕಾದ. ಕರೆ ಎದ್ದಿತು; ಅವನು ಎರಡನೆಯ ಗಾಜಿಗೆ ಮದ್ದು ಬಳಿಯುವಷ್ಟರಲ್ಲಿ ಜನವೆಲ್ಲ ಮಸೀದಿಯತ್ತ ಹರಿಯಿತು.

“ನೀನೂ ಬಾರೋ,” ಎಂದ ಹಾಯಿತ್.

“ಹೊತ್ತು ಮೀರೋ ಮುಂಚೆ ಬಂದೇ ಬರ್ತೀನಿ ಅಮಾಕಿ. ಗಾಜು ಒಣಗ್ತಿದೆ.”

“ದೇವರನ್ನ ಕಾಯಿಸ್ತೀಯ, ಗಾಜನ್ನ ಕಾಯಿಸಲ್ಲ! ಭಲೇ!”

ಚೌಕದಲ್ಲಿ ಒಂದು ನರಪಿಳ್ಳೆಯೂ ಉಳಿಯಲಿಲ್ಲ. ಮುಕಿಂಜಾನ್ ಪೆಟ್ಟಿಗೆಯನ್ನು ಅದರ ನೆರಳೂ ಚಿತ್ರಕ್ಕೆ ಸಿಗದಂತೆ ಓರೆಯಾಗಿಟ್ಟು, ಮುಚ್ಚಳ ತೆಗೆದು, ಪಕ್ಕದಲ್ಲಿ ಮುದುಡಿ ಕುಳಿತ. ಅವನ ಗಡಿಯಾರವೆಂದರೆ ಪ್ರಾರ್ಥನೆಯೇ. ಕಣ್ಣು ಮುಚ್ಚಿ ಮೂರು ಬಾರಿ ಫಾತಿಹಾ ಜಪಿಸಿ, ಮುಚ್ಚಳ ಹಾಕಿ ಡೇರೆಗೆ ನುಗ್ಗಿದ.

ಗಾಜನ್ನು ಕರಿಬಟ್ಟೆಯ ಮೇಲಿಟ್ಟು ನೋಡಿದ. ಹೆಬ್ಬಾಗಿಲಿನ ಒಂದೊಂದು ಇಟ್ಟಿಗೆಯೂ ಎದ್ದು ಕಾಣುತ್ತಿತ್ತು. ಅದರ ಮುಂದೆ, ಬರಿದಾದ ನೆಲದ ಮೇಲೆ, ಹೊಗೆಗೂಡಿನಂಥ ಟೋಪಿ ತೊಟ್ಟ ಒಂದು ನೆರಳು ಪವಡಿಸಿತ್ತು.

ಹೊರಗೆ ಪ್ರವಾಸಿ ನಗುತ್ತ ನಿಂತಿದ್ದ. “ನಿನ್ನ ಹಿಂದೆಯೇ ಇದ್ದೆ. ನಿನಗೆ ಭಂಗ ಬರಬಾರದು ಅಂತ ಉಸಿರು ಕೂಡ ಬಿಡಲಿಲ್ಲ ನೋಡು!” ಗಾಜನ್ನು ಕಣ್ಣಿಗೆ ಹಿಡಿದವನ ನಗೆ ಬಾಡಿತು. “ಇದ್ಯಾವನದಯ್ಯ ನೆರಳು? ಕರಾರು ಅಂದರೆ ಕರಾರು.”

“ಸಾಹೇಬರೇ, ಆ ಟೋಪಿ...”

ಸಾಹೇಬ ಟೋಪಿಯನ್ನೆತ್ತಿ ವಂದಿಸಿ ರೈಲಿನ ಕಡೆ ನಡೆದ. ನೆಲದ ನೆರಳೂ ಟೋಪಿಯನ್ನೆತ್ತಿ ಹಿಂಬಾಲಿಸಿತು.

ನಮಾಜು ಮುಗಿಸಿ ಬಂದ ಹಾಯಿತ್ ಗಾಜನ್ನು ದಿಟ್ಟಿಸಿದ. “ನಮ್ಮೋರ ಪೇಟ ಒಂದೂ ಇಲ್ಲ, ದೇವರಾಣೆ! ಅಲ್ಲಯ್ಯಾ, ಕರೆದಾಗಲೇ ನಮಾಜಿಗೆ ಬರೋಕೇನಾಗಿತ್ತು? ಹಂಗೇ ಆ ಸಾಹೇಬನ್ನೂ ಕೈ ಹಿಡಿದು ಕರ್ಕೊಂಡು ಬಂದಿದ್ರೆ ಚೌಕ ಪೂರ್ತಿ ಖಾಲಿ ಆಗ್ತಿತ್ತಲ್ಲೋ!”