ಮೂರು ಗಂಟೆಯ ಕಾಫಿಗೆ ಉಪ್ಪಿನ ಕೇಕು

ಆ ಬುಧವಾರದ ರಾದ್ಧಾಂತಕ್ಕೆಲ್ಲ ಮೂಲ, ಬಟ್ಟೆಯಿಂದ ಉದುರಿದ ಒಂದು ಹಿಡಿ ಜುಂಗು. ಬಟ್ಟೆ ಒಣಗಿಸುವ ಯಂತ್ರದ ಜಾಲರಿಯಲ್ಲಿ ಅದು ಕೂತಿತ್ತು. ನೀಲಿ ಬಣ್ಣ, ಆಗತಾನೇ ಹುಟ್ಟಿದ ಬೆಕ್ಕಿನ ಮರಿಯಷ್ಟು ಗಾತ್ರ. ನೋರ್‌ಶೊಪಿಂಗ್ ಊರಿನ ಆ ನಾಲ್ಕು ಮಹಡಿಯ ಕಟ್ಟಡದಲ್ಲಿ ಯಾರ ಮನೆಗಾದರೂ ಕಳ್ಳ ನುಗ್ಗಿದರೆ ಜನ ಎರಡು ದಿನ ಮಾತಾಡಿ ಮರೆತಾರು. ನೆಲಮಾಳಿಗೆಯ ಒಗೆಯುವ ಕೋಣೆಯಲ್ಲಿ ಜುಂಗು ಬಿಟ್ಟುಹೋದವರನ್ನು ಮಾತ್ರ ಯಾರೂ ಮರೆಯುವುದಿಲ್ಲ.

ಅದನ್ನು ಕಂಡವನು ಹಾಲ್ವರ್ ಎಕ್‌ಬ್ಲಾಡ್. ಎಪ್ಪತ್ತನಾಲ್ಕು ವರ್ಷ. ಮೂವತ್ತೆಂಟು ವರ್ಷ ಅಂಚೆಯಲ್ಲಿ ಕಾಗದ ವಿಂಗಡಿಸಿ ನಿವೃತ್ತನಾದವನು. ಒಂದು ಸಲ ನೋಡಿದ ಕೈಬರಹವನ್ನು ಸಾಯುವ ತನಕ ಗುರುತಿಸಬಲ್ಲೆ ಎನ್ನುವುದು ಅವನಿಗಿದ್ದ ಒಂದೇ ಜಂಬ. ಒಗೆಯುವ ಕೋಣೆಯಲ್ಲಿ ಬುಧವಾರ ಬೆಳಿಗ್ಗೆ ಏಳರಿಂದ ಹತ್ತರವರೆಗಿನ ಹೊತ್ತು ಹತ್ತೊಂಬತ್ತು ವರ್ಷಗಳಿಂದ ಅವನದೇ. ಯಾರಿಗೆ ಯಾವ ಹೊತ್ತು ಎಂದು ಕಾದಿರಿಸುವ ಗೋಡೆಯ ಹಲಗೆಯಲ್ಲಿ ಆ ಹೊತ್ತಿನ ತೂತಿಗೆ ಅವನ ಮನೆ ಸಂಖ್ಯೆಯ ಪುಟ್ಟ ಬೀಗ ಸದಾ ಸಿಕ್ಕಿಕೊಂಡೇ ಇರುತ್ತಿತ್ತು. ಆದರೆ ಹೊತ್ತು ಹಿಡಿದವರು ಅರ್ಧ ಗಂಟೆಯೊಳಗೆ ಬರದಿದ್ದರೆ ಬೇರೆಯವರು ಬಳಸಬಹುದು ಎಂಬ ನಿಯಮವೂ ಅಲ್ಲಿತ್ತು. ಅಂದು ಹಾಲ್ವರ್ ಇಳಿದು ಬಂದಾಗ ಏಳೂ ಮೂವತ್ತೈದು.

ತಪ್ಪು ಅವನದಲ್ಲ, ಬೂಟಿನ ದಾರದ್ದು. ಬಲಗೈ ಬೆರಳಿನಿಂದ ಭುಜದವರೆಗೆ ಪ್ಲಾಸ್ಟರಿನಲ್ಲಿ ಕುಂಬಳಕಾಯಿಯಂತೆ ಬಿಗಿದುಕೊಂಡಿತ್ತು. ಎಡಗೈ ಒಂದರಲ್ಲೇ ದಾರ ಕಟ್ಟಲು ಅರ್ಧ ಗಂಟೆಗೂ ಹೆಚ್ಚು ಹಿಡಿಯಿತು. ಅಷ್ಟರಲ್ಲಿ ಯಾರೋ ಯಂತ್ರ ಶುರುಮಾಡಿ ಹೋಗಿದ್ದರು. ಗಾಜಿನ ಹಿಂದೆ ಬಿಳಿ ಬಟ್ಟೆಗಳು ನಿಶ್ಚಿಂತೆಯಿಂದ ಉರುಳುತ್ತಿದ್ದವು. ಯಂತ್ರದ ಮೇಲಿದ್ದ ಖಾಲಿ ಬುಟ್ಟಿಯಲ್ಲಿ ಮನೆ ಸಂಖ್ಯೆ ಮೂವತ್ತೊಂದರ ಬೀಗ. ಅವನು ಆಸ್ಪತ್ರೆಯಲ್ಲಿದ್ದಾಗ ಮೂವತ್ತೊಂದಕ್ಕೆ ಯಾರೋ ಹೊಸಬರು ಬಂದಿದ್ದಾರೆಂದು ಕೇಳಿದ್ದ, ನೋಡಿರಲಿಲ್ಲ.

ಬೇರೆ ದಿನವಾಗಿದ್ದರೆ ಹಾಲ್ವರ್ ಗೊಣಗಿಕೊಂಡು ಮೆಟ್ಟಿಲು ಹತ್ತಿಬಿಡುತ್ತಿದ್ದ. ಆದರೆ ಅಂದು ಅವನು ಅಂಗಿ ಒಗೆಯಲೇಬೇಕಿತ್ತು. ಪ್ಲಾಸ್ಟರ್ ತೂರುವಂತೆ ತೋಳಿನ ಹೊಲಿಗೆ ಬಿಚ್ಚಿದ ಅಂಗಿ ಇದ್ದದ್ದು ಒಂದೇ, ಅದರ ಮುಂಭಾಗದಲ್ಲಿ ನಿನ್ನೆಯ ಬಟಾಣಿ ಸೂಪಿನ ಕಲೆ. ಅದನ್ನೇ ತೊಟ್ಟು ಅಂದು ಮಧ್ಯಾಹ್ನ ಮೂರು ಗಂಟೆಯ ಕಾಫಿಗೆ ಅವನು ಆಸ್ಪತ್ರೆಯ ಹದಿನಾಲ್ಕನೇ ವಾರ್ಡಿಗೆ ಹೋಗಬೇಕಿತ್ತು.

ಸೈಕಲ್ಲಿನಿಂದ ಬಿದ್ದು, ಮುರಿದ ಕೈಗೆ ಎರಡು ಸಲ ಆಪರೇಷನ್ ಆಗಿ, ಆ ವಾರ್ಡಿನಲ್ಲಿ ಅವನು ಹದಿನೆಂಟು ದಿನ ಇದ್ದ. ಅಲ್ಲಿ ಸಿಸ್ಟರ್ ತೂವಾ ಎಂಬ ನರ್ಸು ಇದ್ದಳು. ಮೊದಲ ದಿನವೇ ಅವಳು ಅವನ ಕಾಫಿ ಬಟ್ಟಲಿನ ಹಿಡಿಕೆಯನ್ನು ಎಡಕ್ಕೆ ತಿರುಗಿಸಿ ಇಟ್ಟಳು. ಎಡಗೈಗೆ ಎಟುಕಲಿ ಎಂದು. ಆಮೇಲೆ ದಿನಾ ಊಟವಾದ ಮೇಲೆ ಹತ್ತು ನಿಮಿಷ ಪಕ್ಕದಲ್ಲಿ ಕೂತು ಎಡಗೈಯಲ್ಲಿ ಬರೆಯಲು ಕಲಿಸಿದಳು. ಹಿಡಿತ ಸಿಗಲೆಂದು ಒಂದು ಹಸಿರು ಪೆನ್ಸಿಲ್ಲಿಗೆ ಬ್ಯಾಂಡೇಜ್ ಪಟ್ಟಿ ಸುತ್ತಿ ಕೊಟ್ಟಳು. ಕಾಗದ ಜಾರದಂತೆ ತಾನೇ ಹಿಡಿದುಕೊಳ್ಳುತ್ತಿದ್ದಳು. ಅವನ ಅಕ್ಷರಗಳು ಗಾಳಿಗೆ ಸಿಕ್ಕ ಬೇಲಿಗೂಟಗಳಂತೆ ಎಡಕ್ಕೆ ವಾಲುತ್ತಿದ್ದವು. "ವಾಲ್ಲಿ ಬಿಡಿ, ಹಾಲ್ವರ್, ಬೀಳ್ತಿಲ್ವಲ್ಲ," ಎನ್ನುತ್ತಿದ್ದಳು.

ಮನೆಗೆ ಹೊರಟ ದಿನ ತೂವಾಳಿಗೆ ರಜೆ. ಅವಳಿಗೆ ಕೃತಜ್ಞತೆಯ ಒಂದು ಮಾತು ಹೇಳಲು ಆಗಲಿಲ್ಲ. ನಾಳೆಯಿಂದ ಆರು ವಾರ, ಬೇಸಿಗೆ ರಜೆಗೆಂದು ಆ ವಾರ್ಡನ್ನೇ ಮುಚ್ಚುತ್ತಾರೆ. ನರ್ಸುಗಳು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗುತ್ತಾರೆ. ಹೇಳಿದರೆ ಇವತ್ತು, ಇಲ್ಲದಿದ್ದರೆ ಇಲ್ಲ. ಬಾಯಲ್ಲಿ ಹೇಳಿದರೆ ಸಾಲದು ಎಂದೂ ಹಾಲ್ವರ್ ತೀರ್ಮಾನಿಸಿದ್ದ. ಒಬ್ಬೊಬ್ಬರ ಕೈಗೆ ಉಡುಗೊರೆ ಕೊಡುವ ಹಾಗಿಲ್ಲ, ಎಲ್ಲರೂ ಹಂಚಿ ತಿನ್ನುವಂಥದ್ದು ಕಾಫಿ ಮೇಜಿನ ಮೇಲೆ ಇಡಬಹುದು. ಚಾಕೊಲೇಟ್ ಬೇಡ. ಕೃತಜ್ಞರಾದ ರೋಗಿಗಳು ಕೊಟ್ಟ ಚಾಕೊಲೇಟಿನ ಡಬ್ಬಿಗಳು ಅಲ್ಲಿನ ಕಪಾಟಿನಿಂದ ಉರುಳಿ ಬೀಳುತ್ತಿದ್ದವು. ಹಸಿದ ಹೊಟ್ಟೆಗೆ ಏನಾದರೂ ಉಪ್ಪುಪ್ಪಾಗಿ ಇದ್ದರೆ ಎಷ್ಟು ಚೆನ್ನ ಎಂದು ತೂವಾ ಒಮ್ಮೆ ಅಂದಿದ್ದಳು. ಅದಕ್ಕೇ ಉಪ್ಪಿನ ಕೇಕು: ಬ್ರೆಡ್ಡಿನ ಪದರಗಳು, ನಡುವೆ ಮೊಟ್ಟೆ, ಮೇಲೆಲ್ಲ ಮೇಯನೇಸು, ಅದರ ಮೇಲೆ ಸೀಗಡಿ, ಸೌತೆ, ನಿಂಬೆಹೋಳು.

ಹೀಗೆ ಒಂದು ಕೈ, ಒಂದು ಅಂಗಿ, ಒಂದೇ ದಿನ ಇಟ್ಟುಕೊಂಡು ಹೊರಟ ಮನುಷ್ಯನ ಮುಂದೆ ಆ ನೀಲಿ ಜುಂಗು ಬಂದು ಕೂತಿತ್ತು.

ಅವನು ನಿಟ್ಟುಸಿರು ಬಿಡುವುದಕ್ಕೂ ಎರಡನೇ ಮಹಡಿಯ ಗುನ್‌ವೋರ್ ಒಳಗೆ ಬರುವುದಕ್ಕೂ ಸರಿಹೋಯಿತು. ಅಂಗಿಯ ಹೊಲಿಗೆ ಬಿಚ್ಚಿಕೊಟ್ಟವಳು ಅವಳೇ. ತನ್ನ ನೀಲಿ ಉಣ್ಣೆಯ ನಿಲುವಂಗಿಯಲ್ಲಿ, ಆಗಷ್ಟೇ ಮೊಟ್ಟೆಯೊಡೆದ ಬಾತುಮರಿಯಂತೆ ಉಬ್ಬಿಕೊಂಡು ನಿಂತು ಜಾಲರಿಗೆ ಇಣುಕಿದಳು.

"ಮೂವತ್ತೊಂದಾ? ಬಂದು ಎರಡು ವಾರ ಆಗಿಲ್ಲ, ಆಗ್ಲೇ ಶುರು," ಎಂದಳು. "ಚೀಟಿ ಬರಿ, ಹಾಲ್ವರ್. ಈಗ್ಲೇ ಹೇಳ್ದಿದ್ರೆ ಆಮೇಲೆ ನಮ್ಮ ತಲೆ ಮೇಲೆ ಕೂತ್ಕೋತಾರೆ."

ಒಗೆಯುವ ಕೋಣೆಯಲ್ಲಿ ಮುಖ ನೋಡಿ ಜಗಳವಾಡುವುದು ಆ ಕಡೆಯ ಸಂಪ್ರದಾಯವಲ್ಲ. ಹೆಸರಿಲ್ಲದ ಚೀಟಿ ಅಂಟಿಸುವುದು ಸಂಪ್ರದಾಯ. ಹಾಲ್ವರ್ ಜೇಬಿನಿಂದ ಹಸಿರು ಪೆನ್ಸಿಲ್ ತೆಗೆದ. ಕಾಗದ ಹಿಡಿಯಲು ತೂವಾ ಇರಲಿಲ್ಲವಾದ್ದರಿಂದ ಅದರ ಮೇಲೆ ಸೋಪಿನ ಬಿಲ್ಲೆ ಇಟ್ಟುಕೊಂಡ. ದಯವಿಟ್ಟು ಜಾಲರಿ ಸ್ವಚ್ಛ ಮಾಡಿ ಎಂದಷ್ಟೇ ಬರೆಯಬೇಕೆಂದಿದ್ದ. ಅದು ತುಂಬಾ ಸಪ್ಪೆ ಎಂದು ಗುನ್‌ವೋರ್ ಕುರಿಮರಿಯೊಂದು ಬರುವ ಖಾರದ ವಾಕ್ಯ ಹೇಳಿಕೊಟ್ಟಳು. ಮಾತಿನ ಸದ್ದಿಗೆ ಇಳಿದು ಬಂದ ಕಟ್ಟಡ ಸಂಘದ ಅಧ್ಯಕ್ಷ ಸಿಕ್ಸ್ತೆನ್, ನಿಯಮಾವಳಿಯ ಏಳನೇ ಕಲಮನ್ನು ಸೇರಿಸದಿದ್ದರೆ ಚೀಟಿಗೆ ತೂಕ ಬರುವುದಿಲ್ಲ ಎಂದ. ಕೊನೆಯ ವಾಕ್ಯ ಮಾತ್ರ ಹಾಲ್ವರನ ಸ್ವಂತದ್ದು. ಅದನ್ನು ಬರೆಯುವಾಗ ಸೂಪಿನ ಕಲೆ ಅವನ ಕಣ್ಣಮುಂದೆ ಇತ್ತು. ಬರೆದು ಮುಗಿಸಿ ಚೀಟಿಯನ್ನು ಬುಟ್ಟಿಗೆ ಅಂಟಿಸಿ, ಒಗೆಯದ ಅಂಗಿಯನ್ನು ಹೆಗಲಿಗೆ ಹಾಕಿಕೊಂಡು ಮೇಲೆ ಹೋದ.

ಒಂದೇ ಕೈಯಲ್ಲಿ ಕೇಕು ಮಾಡುವ ಕಷ್ಟ ಮಾಡಿದವರಿಗೇ ಗೊತ್ತು. ಮೊಟ್ಟೆ ಸುಲಿಯಲು ಅವನು ಗಲ್ಲದ ಸಹಾಯ ತೆಗೆದುಕೊಂಡ. ಸೀಗಡಿ ಬಿಡಿಸಲು ಗುನ್‌ವೋರ್ ಬಂದಳು. ಎರಡು ಬಿಡಿಸಿ ಒಂದು ತಿಂದಳು. ಸಿಕ್ಸ್ತೆನ್ ಬಂದು ಕೇಕಿನ ಅಂಚು ನೇರವಾಗಿಲ್ಲ ಎಂದು ಅಳತೆಪಟ್ಟಿ ಹಿಡಿದು ತೋರಿಸಿದ. ಹಾಲ್ವರ್ ಮೇಯನೇಸು ಬಳಿಯುತ್ತಲೇ ಇದ್ದ. ಮೂರು ಗಂಟೆಗೆ ಇದು ಆ ಮೇಜಿನ ಮೇಲೆ ಇರಬೇಕು, ಅಷ್ಟೇ.

ಕೊನೆಗೆ ಕೇಕಿನ ನಡುವೆ ಸಿಕ್ಕಿಸಲು ಒಂದು ಕಾರ್ಡು ಬರೆದ. ಅದಕ್ಕೇ ಒಂದು ಗಂಟೆ ಹಿಡಿಯಿತು. ಮೂರು ಕಾರ್ಡು ಹರಿದು ಹಾಕಿ, ನಾಲ್ಕನೆಯದರಲ್ಲಿ ಮನಸ್ಸಿನಲ್ಲಿದ್ದದ್ದು ಬಂತು.

ಟ್ರಾಮಿನಲ್ಲಿ ಗುನ್‌ವೋರ್ ಕೇಕನ್ನು ತೊಡೆಯ ಮೇಲೆ ಇಟ್ಟುಕೊಂಡು ಅವನ ಎದುರು ಕೂತಳು. ನದಿ ದಾಟುವ ತನಕ ಎಲ್ಲ ಸುಸೂತ್ರ. ಆಮೇಲೆ ಒಂದು ನಾಯಿ ಹಳಿಗೆ ಅಡ್ಡ ಬಂತು. ಟ್ರಾಮು ಗಕ್ಕನೆ ನಿಂತಿತು, ಕೇಕು ನಿಲ್ಲಲಿಲ್ಲ. ಹಾಲ್ವರ್ ಎದೆಯೊಡ್ಡಿ ಅದನ್ನು ತಡೆದ. ಕೇಕಿನ ಒಂದು ಬದಿ ಅವನ ಅಂಗಿಗೆ ಅಂಟಿ ಉಳಿದುಕೊಂಡಿತು; ಬಟಾಣಿ ಸೂಪಿನ ಕಲೆ ಇದ್ದಲ್ಲಿ ಈಗ ಮೂರು ಸೀಗಡಿ, ಒಂದು ನಿಂಬೆಹೋಳು.

"ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು, ಕಲೆ ಕಾಣ್ತಿಲ್ಲ," ಎಂದಳು ಗುನ್‌ವೋರ್.

"ಕಾರ್ಡು ನೆಟ್ಟಗಿದ್ಯಾ, ಅದು ಹೇಳು," ಎಂದ ಹಾಲ್ವರ್.

ಕಾರ್ಡು ನೆಟ್ಟಗಿತ್ತು.

ವಾರ್ಡಿನಲ್ಲಿ ಅರ್ಧಕ್ಕರ್ಧ ಮಂಚಗಳು ಆಗಲೇ ಖಾಲಿ. ಸರಿಯಾಗಿ ಮೂರು ಗಂಟೆಗೆ ಕೇಕು ಕಾಫಿ ಮೇಜಿನ ಮೇಲೆ ಇಳಿಯಿತು. ಸಿಸ್ಟರ್ ತೂವಾ ಅಲ್ಲಿದ್ದಳು. ಕಣ್ಣ ಕೆಳಗೆ ಕಪ್ಪು, ಮುಖದ ತುಂಬ ನಗು. ಹಾಲ್ವರನನ್ನು ಕೂರಿಸಿ ಕಾಫಿ ಬಗ್ಗಿಸಿ, ಬಟ್ಟಲಿನ ಹಿಡಿಕೆಯನ್ನು ಎಡಕ್ಕೆ ತಿರುಗಿಸಿ ಇಟ್ಟಳು. ಹಾಲ್ವರನಿಗೆ ಬೆಳಿಗ್ಗೆಯಿಂದ ಪಟ್ಟ ಪಾಡೆಲ್ಲ ಸಾರ್ಥಕವೆನಿಸಿತು.

ಗುನ್‌ವೋರ್ ಕೈ ತೊಳೆಯಲು ಹೋದಳು. ಅಷ್ಟರಲ್ಲಿ ಇನ್ನೊಬ್ಬ ನರ್ಸು, "ತೂವಾ, ನಿನ್ನ ಪ್ರೇಮಪತ್ರ ಇವರಿಗೂ ಓದಿ ಹೇಳು. ನಾವೊಬ್ರೇ ಯಾಕೆ ನಗ್ಬೇಕು," ಎಂದಳು.

ತೂವಾ ಜೇಬಿನಿಂದ ಒಂದು ಚೀಟಿ ತೆಗೆದು ಓದತೊಡಗಿದಳು. "ಮನೆ ಸಂಖ್ಯೆ ಮೂವತ್ತೊಂದಕ್ಕೆ. ಸ್ನೇಹಪೂರ್ವಕವಾಗಿ ತಿಳಿಸುವುದೇನೆಂದರೆ, ನೀವು ಜಾಲರಿಯಲ್ಲಿ ಬಿಟ್ಟ ಜುಂಗಿನಿಂದ ಒಂದು ಕುರಿಮರಿ ಮಾಡಬಹುದು. ಏಳನೇ ಕಲಮನ್ನು ಓದಿಕೊಳ್ಳಿ. ತನ್ನ ಜುಂಗನ್ನು ತಾನು ತೆಗೆಯಲಾರದವರು ಜನ್ಮದಲ್ಲಿ ಇನ್ನೊಬ್ಬರಿಗಾಗಿ ಒಂದು ಕಡ್ಡಿ ಎತ್ತಿಟ್ಟವರಲ್ಲ. ಇಂತಿ, ಒಬ್ಬ ನೆರೆಯವ."

ನರ್ಸುಗಳು ಬಿದ್ದು ಬಿದ್ದು ನಕ್ಕರು. ಹಾಲ್ವರನ ಬಾಯಲ್ಲಿದ್ದ ಸೀಗಡಿ ಮುಂದಕ್ಕೂ ಹೋಗದೆ ಹಿಂದಕ್ಕೂ ಬರದೆ ನಿಂತುಬಿಟ್ಟಿತು. ಕೊನೆಯ ವಾಕ್ಯವನ್ನು ಓದುವಾಗ ತೂವಾಳ ದನಿ ಒಂಚೂರು ಕುಗ್ಗಿದ್ದನ್ನು ಅವನು ಗಮನಿಸಿದ್ದ.

ಅವನ ಕಣ್ಣು ಕೇಕಿನ ಕಡೆ ಹೋಯಿತು. ಅದರ ನಡುವೆ, ಅದೇ ಹಸಿರು ಪೆನ್ಸಿಲ್ಲಿನಲ್ಲಿ, ಎಡಕ್ಕೆ ವಾಲಿದ ಅದೇ ಬೇಲಿಗೂಟಗಳನ್ನು ಹೊತ್ತು ಕಾರ್ಡು ನಿಂತಿತ್ತು. ಪುಣ್ಯಕ್ಕೆ ಬರಹವಿದ್ದ ಬದಿ ಅವನ ಕಡೆಗೇ ಇತ್ತು. ಬೆಳಿಗ್ಗೆಯಿಂದ ಆ ಕಾರ್ಡನ್ನು ಇಲ್ಲಿಗೆ ತಲುಪಿಸಲು ಎಷ್ಟು ಹಟ ಹಿಡಿದಿದ್ದನೋ, ಈಗ ಅದನ್ನು ಮಾಯಮಾಡಲು ಅದಕ್ಕಿಂತ ಹೆಚ್ಚು ಹಟ ಹಿಡಿದ. ಸೌತೆ ತೆಗೆದುಕೊಳ್ಳುವವನಂತೆ ಕೈ ಚಾಚಿದ, ಕಾರ್ಡು ಕಿತ್ತ, ಮೇಯನೇಸು ಸಮೇತ ಅದನ್ನು ಪ್ಲಾಸ್ಟರಿನ ಕೈಯನ್ನು ಕುತ್ತಿಗೆಗೆ ತೂಗುಹಾಕಿದ್ದ ಜೋಲಿಯೊಳಗೆ ತುರುಕಿದ. ಯಾರೂ ನೋಡಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಗುನ್‌ವೋರ್ ನೋಡಿದಳು.

"ಇದೇನು ನಾಚಿಕೆ ನಿಂದು?" ಎನ್ನುತ್ತ ಬಂದು, ಜೋಲಿಗೆ ಕೈ ಹಾಕಿ ಕಾರ್ಡನ್ನು ಎಳೆದೇಬಿಟ್ಟಳು. "ಒಂದು ಗಂಟೆ ಕೂತು ಎಡಗೈಯಲ್ಲಿ ಬರ್ದಿದಾನೆ, ಸಿಸ್ಟರ್. ಓದಿ, ಎಲ್ಲರಿಗೂ ಕೇಳೋ ಹಾಗೆ ಓದಿ."

ತೂವಾ ಕಾರ್ಡಿನ ಮೇಲಿನ ಮೇಯನೇಸನ್ನು ಮೆಲ್ಲಗೆ ಒರೆಸಿ ಓದಿದಳು. "ಸಿಸ್ಟರ್ ತೂವಾಗೆ ಮತ್ತು ವಾರ್ಡಿನ ಎಲ್ಲರಿಗೆ. ಇನ್ನೊಬ್ಬರಿಗಾಗಿಯೇ ಎದ್ದು ಓಡಾಡುವ ಜನರನ್ನು ನಾನು ಹದಿನೆಂಟು ದಿನ ಹತ್ತಿರದಿಂದ ನೋಡಿದೆ. ಬಟ್ಟಲಿನ ಹಿಡಿಕೆಯನ್ನು ನಾನು ಮರೆಯುವುದಿಲ್ಲ..."

ಅಲ್ಲಿಗೆ ನಿಲ್ಲಿಸಿದಳು. ಚೀಟಿಯನ್ನು ಎತ್ತಿ ಕಾರ್ಡಿನ ಪಕ್ಕದಲ್ಲಿಟ್ಟಳು. ಎರಡನ್ನೂ ಸ್ವಲ್ಪ ಹೊತ್ತು ನೋಡಿದಳು. ಎರಡೂ ಒಂದೇ ಕೈಬರಹವೆಂದು ಅಂಚೆಯಲ್ಲಿ ಮೂವತ್ತೆಂಟು ವರ್ಷ ಕಳೆಯದವರಿಗೂ ಕಾಣುವಂತಿತ್ತು.

ಗುನ್‌ವೋರಳೂ ಬಗ್ಗಿ ನೋಡಿದಳು. "ಅಯ್ಯೋ, ನಮ್ಮ ಚೀಟಿ ಇಲ್ಲಿಗೆ ಹೇಗೆ ಬಂತು?" ಎಂದಳು.

ಹಾಲ್ವರ್ ಎದ್ದು ನಿಂತ.

"ಮೂವತ್ತೊಂದು ನನ್ನ ಮನೆ," ಎಂದಳು ತೂವಾ. "ಪಾಳಿ ಮುಗಿಸಿ ಹೋಗೋದೂ ಬರೋದೂ ಹೊತ್ತಲ್ಲದ ಹೊತ್ತಲ್ಲಿ, ಅದಕ್ಕೆ ಯಾರ ಪರಿಚಯಾನೂ ಆಗಿಲ್ಲ. ಏಳೂವರೆ ತನಕ ಕಾದು ಮಿಷಿನ್ನಿಗೆ ಬಟ್ಟೆ ಹಾಕ್ದೆ. ಆದ್ರೆ ಹಾಲ್ವರ್, ನಾನು ಒಣಗಿಸೋ ಮಿಷಿನ್ ಮುಟ್ಟೇ ಇಲ್ಲ. ನನ್ನ ಬಟ್ಟೆ ಎಲ್ಲಾ ಬಿಳಿ. ಆ ಜುಂಗು ನೀಲಿ."

ಬಿಳಿ ಬಟ್ಟೆ ಉರುಳುವುದನ್ನು ಹಾಲ್ವರ್ ಕಣ್ಣಾರೆ ಕಂಡಿದ್ದ. ಈಗ ಅವನಿಗೆ ಬಾತುಮರಿಯಂತೆ ಉಬ್ಬಿದ್ದ ಒಂದು ನಿಲುವಂಗಿಯೂ ನೆನಪಾಯಿತು. ಅವನು ನಿಧಾನವಾಗಿ ಗುನ್‌ವೋರಳ ಕಡೆ ತಿರುಗಿದ. ಗುನ್‌ವೋರ್ ತಟ್ಟೆಯಲ್ಲಿದ್ದ ಸೀಗಡಿಯನ್ನು ಹಿಂದೆಂದೂ ಸೀಗಡಿ ಕಾಣದವಳಂತೆ ನೋಡುತ್ತಿದ್ದಳು.

"ನಿನ್ನೆ ಸಂಜೆ," ಎಂದಳು ಸೀಗಡಿಗೆ. "ಫೋನ್ ಬಂತು. ಮರ್ತೆ."

ಹಾಲ್ವರ್ ತೂವಾಳ ಕಡೆ ತಿರುಗಿದ. ಕುರಿಮರಿ ಅವಳದಾದರೂ ಕಡ್ಡಿಯ ಮಾತು ತನ್ನದೇ ಎಂದು ಅವನಿಗೆ ಗೊತ್ತಿತ್ತು. "ಸಿಸ್ಟರ್," ಎಂದ, "ಬುಧವಾರ ಏಳರಿಂದ ಹತ್ತು ಇನ್ನು ಮುಂದೆ ನಿಮ್ಮದು. ನನ್ನ ಬೀಗ ಇವತ್ತೇ ತೆಗೀತೀನಿ."

ಬೇಡ ಎಂದಾಳೆಂದು ಅವನ ಮನಸ್ಸಿನ ಒಂದು ಮೂಲೆ ಕಾಯುತ್ತಿತ್ತು.

"ಒಳ್ಳೇ ಹೊತ್ತು, ನನ್ನ ಪಾಳಿಗೆ ಸರಿಹೋಗುತ್ತೆ," ಎಂದಳು ತೂವಾ. ಚೀಟಿಯನ್ನೂ ಕಾರ್ಡನ್ನೂ ಒಟ್ಟಿಗೆ ಮಡಚಿ ಜೇಬಿಗೆ ಹಾಕಿದಳು. "ಬರಹ ಪರವಾಗಿಲ್ಲ, ಸುಧಾರಿಸಿದೆ. ಚೀಟೀಲಿ ಪೆನ್ಸಿಲ್ ಒತ್ತಿದ್ದು ಜಾಸ್ತಿಯಾಯ್ತು. ಕಾರ್ಡಲ್ಲಿ ಸರಿಯಾಗಿದೆ. ಈಗ ಆ ಅಂಗಿ ಬಿಚ್ಚಿ."

"ಯಾಕೆ?"

"ಸೀಗಡಿ ಅಂಟಿಸ್ಕೊಂಡು ಟ್ರಾಮಲ್ಲಿ ಹೋಗ್ತೀರಾ? ನಾಳೆಯಿಂದ ನನಗೆ ರಜೆ. ನನ್ನ ಬಟ್ಟೆ ಜೊತೆ ಒಗೆದು, ನಿಮ್ಮ ಬಾಗಿಲಿಗೆ ತಂದುಕೊಡ್ತೀನಿ."

ಹಾಲ್ವರ್ ಬೇಡವೆಂದ, ಆಗದೆಂದ, ಕೊನೆಗೆ ಬೇಡಿಕೊಂಡ. ಹದಿನೆಂಟು ದಿನದಲ್ಲಿ ಒಮ್ಮೆಯೂ ಅವಳೆದುರು ಗೆಲ್ಲದವನು ಅಂದು ಮಾತ್ರ ಹೇಗೆ ಗೆದ್ದಾನು? ಅವಳು ತೋಳನ್ನು ನೋಯಿಸದೆ ಅಂಗಿ ಬಿಡಿಸಿದಳು. ಕಪಾಟಿನಿಂದ ವಾರ್ಡಿನ ಪಟ್ಟೆಪಟ್ಟೆ ರೋಗಿಯಂಗಿ ತಂದು ತೊಡಿಸಿದಳು. ಬೆನ್ನ ಹಿಂದಿನ ದಾರಗಳನ್ನೂ, ಬಗ್ಗಿ ಬೂಟಿನ ಸಡಿಲವಾದ ದಾರವನ್ನೂ ಅವಳೇ ಕಟ್ಟಿದಳು. ಒಂದು ನಿಮಿಷವೂ ಹಿಡಿಯಲಿಲ್ಲ.

ಹಿಂದಿರುಗುವಾಗ ಟ್ರಾಮಿನ ಚಾಲಕ ಆ ಅಂಗಿಯನ್ನು ಎರಡು ಸಲ ನೋಡಿ, ಆಸ್ಪತ್ರೆಯವರಿಗೆ ತಿಳಿಸಿ ಬಂದಿದ್ದೀರಾ ಎಂದು ಮೃದುವಾಗಿ ಕೇಳಿದ. ಹಾಲ್ವರ್ ತಲೆಯಾಡಿಸಿ ಕೂತ. ಒಂದು ಋಣ ತೀರಿಸಲು ಬೆಳಿಗ್ಗೆ ಹೊರಟಿದ್ದ. ಈಗ ಅಂಗಿಯದೊಂದು, ಚೀಟಿಯದೊಂದು, ಬೂಟಿನ ದಾರದ್ದೊಂದು. ಸೀಗಡಿ ಇನ್ನೂ ಎಷ್ಟು ಬೇಕಾದೀತೋ.

ನದಿ ದಾಟುವ ಹೊತ್ತಿಗೆ ಅವನು ಎಡಗೈಯಿಂದ ಹಸಿರು ಪೆನ್ಸಿಲ್ ತೆಗೆದಿದ್ದ.

"ಗುನ್‌ವೋರ್," ಎಂದ, "ಈ ಕಾಗದ ಜಾರದ ಹಾಗೆ ಸ್ವಲ್ಪ ಹಿಡ್ಕೋ."